ಗಣಕಯಂತ್ರಗಳ ಜಾಲದಲ್ಲಿ ದಟ್ಟಣೆಯ ನಿಯಂತ್ರಣ

1. ವಿಷಯ ಪ್ರವೇಶ

ದಾರಿಯಿದ್ದಲ್ಲಿ ದಟ್ಟಣೆಯೂ ಉಂಟು. ಜನರು ನಡೆಯುವ ಹಾದಿಗೂ ನೀರು ಹರಿಯುವ ಕಾಲುವೆಗೂ ಸುದ್ದಿ ಸಾಗುವ ತಂತಿಗೂ ಒಂದೊಂದು ಮಿತಿಯಿರುವುದು ಸಹಜ. ಆ ಮಿತಿಯನ್ನು ಮೀರಿ ಬಂದುದನ್ನು ಬಾಗಿಲಲ್ಲಿಯೇ ತಡೆಯಬೇಕೆ, ನಡುದಾರಿಯಲ್ಲಿ ಕಾಯಿಸಬೇಕೆ, ಅಥವಾ ಹೊರಚೆಲ್ಲಬೇಕೆ ಎಂಬ ಪ್ರಶ್ನೆಯನ್ನು ಆಯಾ ಕಾಲದ ಜನರು ತಮತಮಗೆ ತೋರಿದ ರೀತಿಯಲ್ಲಿ ಬಗೆಹರಿಸಿಕೊಂಡು ಬಂದಿದ್ದಾರೆ. ಬೀದರದ ನೌಬಾದಿನಲ್ಲಿ ಬಹಮನಿ ಅರಸರ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ, ನೆಲದಡಿ ತೋಡಿದ ಕರೇಜ್ ಎಂಬ ಸುರಂಗ ಕಾಲುವೆಯನ್ನು ವಾಚಕರು ಬಲ್ಲರು. ಅಂತಹ ಸುರಂಗವು ಎಷ್ಟೇ ಉದ್ದವಾಗಿರಲಿ, ಅದರ ಅತ್ಯಂತ ಇಕ್ಕಟ್ಟಾದ ಭಾಗದಲ್ಲಿ ಎಷ್ಟು ನೀರು ಹಾಯುವುದೋ ಅಷ್ಟು ಮಾತ್ರವೇ ಕೊನೆಗೆ ತಲುಪುತ್ತದೆ. ಗಣಕಯಂತ್ರಗಳ ಜಾಲಕ್ಕೂ ಇದೇ ನಿಯಮವು ಅನ್ವಯಿಸುತ್ತದೆ.

ಎಂಜಿನಿಯರುಗಳಿಗೆ ಸೇರಿದ ಈ ವಿಷಯಕ್ಕೆ ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಸ್ಥಾನವೆಲ್ಲಿ ಎಂದು ಕೆಲವರು ಕೇಳಬಹುದು. ಇದಕ್ಕೆ ನಮ್ಮ ಉತ್ತರ ಎರಡು ಬಗೆಯದು. ಅರಸನಿಲ್ಲದ, ಅಧಿಕಾರಿಯಿಲ್ಲದ ಒಂದು ವ್ಯವಸ್ಥೆಯು ಕೋಟ್ಯಂತರ ಬಳಕೆದಾರರ ನಡುವೆ ಹೇಗೆ ಶಿಸ್ತನ್ನು ಕಾಪಾಡಿಕೊಂಡಿತೆಂಬುದು ಸಂಸ್ಥೆಗಳ ಇತಿಹಾಸವನ್ನು ಅಭ್ಯಸಿಸುವವರಿಗೆ ಗಂಭೀರವಾದ ವಿಷಯ. ಇದಲ್ಲದೆ, ಬೀದರ, ಭಾಲ್ಕಿ, ಔರಾದಗಳಲ್ಲಿ ಕುಳಿತು ದೂರದೇಶದ ಗ್ರಂಥಾಲಯಗಳ ಹಸ್ತಪ್ರತಿಗಳನ್ನು ಓದಬಯಸುವ ಇಂದಿನ ಸಂಶೋಧಕನಿಗೆ ಈ ಜಾಲವೇ ದಾರಿ. ಆ ದಾರಿಯಲ್ಲಿ ಅವನಿಗೆ ದೊರೆಯುವ ಪಾಲನ್ನು ಗೊತ್ತುಮಾಡುವ ನಿಯಮಗಳನ್ನು ಅವನು ತಿಳಿದಿರಬೇಕಾದುದು ಅವಶ್ಯ. ಆ ನಿಯಮಗಳ ಹುಟ್ಟನ್ನೂ ನಡೆಯನ್ನೂ ಕೊರತೆಯನ್ನೂ ಈ ಲೇಖನದಲ್ಲಿ ಕ್ರಮವಾಗಿ ವಿವೇಚಿಸುತ್ತೇವೆ.

2. ಕಾಯುವುದು ಎಲ್ಲಿ?

ಹಿಂದೆ ಔರಾದದಿಂದ ಬೆಂಗಳೂರಿಗೆ ಟೆಲಿಫೋನಿನಲ್ಲಿ ಮಾತನಾಡಬೇಕಾದವರು ಟ್ರಂಕ್ ಕಾಲ್ ಕಾದಿರಿಸಿ, ತಮ್ಮ ಸರದಿ ಬರುವವರೆಗೆ ಕುಳಿತಿರುತ್ತಿದ್ದರು. ಒಮ್ಮೆ ತಂತಿ ದೊರೆಯಿತೆಂದರೆ ಮಾತು ಮುಗಿಯುವವರೆಗೆ ಅದು ಅವರದೇ. ನಡುವೆ ಮೌನವಾಗಿದ್ದರೂ ಬೇರೊಬ್ಬರು ಅದನ್ನು ಬಳಸುವಂತಿರಲಿಲ್ಲ. ರೈಲು ಮಾರ್ಗದ ಪದ್ಧತಿಯೂ ಇದಕ್ಕೆ ಹತ್ತಿರವಾದುದು. ಬೀದರದಿಂದ ಭಾಲ್ಕಿಯ ಕಡೆಗೆ ಹೊರಡುವ ಗಾಡಿಯು ಮುಂದಿನ ಹಳಿ ತೆರವಾಗಿದೆಯೆಂಬ ಸಂಕೇತ ದೊರೆಯುವವರೆಗೆ ನಿಲ್ದಾಣವನ್ನು ಬಿಡುವಂತಿಲ್ಲ. ಈ ಎರಡು ಪದ್ಧತಿಗಳಲ್ಲಿಯೂ ಕಾಯುವುದು ದಾರಿಯ ಬಾಗಿಲಿನಲ್ಲಿ. ಒಳಗೆ ಬಂದವರಿಗೆ ಸ್ಥಳವುಂಟೆಂಬ ಭರವಸೆಯಿರುತ್ತದೆ.

ಗಣಕಯಂತ್ರಗಳ ಜಾಲದಲ್ಲಿ ಇಂತಹ ಭರವಸೆಯಿಲ್ಲ. ಇಲ್ಲಿ ಪ್ರತಿಯೊಂದು ಸಂದೇಶವನ್ನೂ ಸಣ್ಣ ಸಣ್ಣ ತುಂಡುಗಳಾಗಿ ಮಾಡಿ, ಒಂದೊಂದರ ಮೇಲೂ ತಲುಪಬೇಕಾದ ವಿಳಾಸವನ್ನು ಬರೆದು ಕಳುಹಿಸಲಾಗುತ್ತದೆ. ಸಾಮಾನ್ಯವಾಗಿ 1500 ಬೈಟುಗಳನ್ನು ಮೀರದ ಈ ತುಂಡಿಗೆ ಪ್ಯಾಕೆಟ್ಟು ಎಂದು ಹೆಸರು. ದಾರಿಯ ಕವಲುಗಳಲ್ಲಿ ರೂಟರುಗಳೆಂಬ ಯಂತ್ರಗಳಿದ್ದು, ಬಂದ ಪ್ಯಾಕೆಟ್ಟಿನ ವಿಳಾಸವನ್ನು ನೋಡಿ ತಕ್ಕ ಕಡೆಗೆ ಸಾಗಿಸುತ್ತವೆ. ಹೊರಹೋಗುವ ತಂತಿಯ ಶಕ್ತಿಗಿಂತ ಹೆಚ್ಚು ಪ್ಯಾಕೆಟ್ಟುಗಳು ಬಂದರೆ ಅವು ರೂಟರಿನ ನೆನಪಿನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಆ ಸಾಲಿಗೂ ಸ್ಥಳವಿಲ್ಲದಂತಾದಾಗ, ಬಂದ ಪ್ಯಾಕೆಟ್ಟನ್ನು ರೂಟರು ಯಾರಿಗೂ ತಿಳಿಸದೆ ಬಿಸುಟುಬಿಡುತ್ತದೆ. ಇದು ಯಂತ್ರದ ಕೆಡುಕಿನಿಂದಾದುದಲ್ಲ, ಪದ್ಧತಿಯೇ ಹೀಗಿದೆ. ಒಬ್ಬನು ಸುಮ್ಮನಿರುವಾಗ ಇನ್ನೊಬ್ಬನು ಅದೇ ತಂತಿಯನ್ನು ಬಳಸಿಕೊಳ್ಳುವ ಮಿತವ್ಯಯವು ಬೇಕೆಂದರೆ ಈ ಅಪಾಯವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಒಪ್ಪಿಗೆಯಿತ್ತ, ಮುಂದೆ ಭಾರತ್‌ನೆಟ್ ಎಂಬ ಹೆಸರನ್ನು ಪಡೆದ ಯೋಜನೆಯು ದೇಶದ ಗ್ರಾಮ ಪಂಚಾಯಿತಿಗಳನ್ನೆಲ್ಲ ಗಾಜಿನ ಎಳೆಯ ತಂತಿಯಿಂದ ಜೋಡಿಸಲು ಹೊರಟಿತು. ಒಂದೊಂದು ಪಂಚಾಯಿತಿಗೆ ಸೆಕೆಂಡಿಗೆ 100 ಮೆಗಾಬಿಟ್ಟಿನ ಶಕ್ತಿಯನ್ನು ಒದಗಿಸುವುದು ಅದರ ಗುರಿಯಾಗಿತ್ತು. ಇಂತಹ ರಚನೆಯಲ್ಲಿ ಹಳ್ಳಿಗಳ ತಂತಿಗಳು ತಾಲ್ಲೂಕು ಕೇಂದ್ರದ ಕಡೆಗೂ ತಾಲ್ಲೂಕುಗಳ ತಂತಿಗಳು ಅದರಾಚೆಗೂ ಉಪನದಿಗಳಂತೆ ಕೂಡಿಕೊಳ್ಳುತ್ತವೆ. ಎಲ್ಲ ಹಳ್ಳಿಗಳೂ ಒಂದೇ ಗಳಿಗೆಯಲ್ಲಿ ತಮ್ಮ ಪೂರ್ಣಶಕ್ತಿಯನ್ನು ಬಳಸಲಾರವೆಂಬ ಊಹೆಯ ಮೇಲೆ ಮುಂದಿನ ತಂತಿಯ ಗಾತ್ರವನ್ನು ಗೊತ್ತುಮಾಡುವುದು ಎಲ್ಲ ದೇಶಗಳಲ್ಲಿಯೂ ನಡೆದುಬಂದ ರೂಢಿ. ಪರೀಕ್ಷಾ ಫಲಿತಾಂಶವು ಪ್ರಕಟವಾದ ಮುಂಜಾನೆ ಈ ಊಹೆಯು ಸುಳ್ಳಾಗುತ್ತದೆ. ಆಗ ಜಾಲವನ್ನು ಕಾಪಾಡುವವರು ಯಾರು?

3. 1986ರ ಕುಸಿತ

ಈ ಪ್ರಶ್ನೆಯನ್ನು ಮೊದಲಲ್ಲಿಯೇ ಸ್ಪಷ್ಟವಾಗಿ ಎತ್ತಿದವರಲ್ಲಿ ಜಾನ್ ನೇಗಲ್ ಒಬ್ಬರು. ಅಮೆರಿಕೆಯ ಫೋರ್ಡ್ ಏರೋಸ್ಪೇಸ್ ಸಂಸ್ಥೆಯಲ್ಲಿದ್ದ ಇವರು 1984ರ ಜನವರಿಯಲ್ಲಿ ಒಂದು ಟಿಪ್ಪಣಿಯನ್ನು ಪ್ರಕಟಿಸಿ, ಜಾಲವು ದಟ್ಟಣೆಯಿಂದ ಕುಸಿದುಬೀಳುವ ಸಂಭವವಿದೆಯೆಂದು ಎಚ್ಚರಿಸಿದರು. ಅವರ ವಾದದ ಸಾರಾಂಶವಿಷ್ಟು. ಕಳುಹಿಸಿದ ಪ್ಯಾಕೆಟ್ಟು ತಲುಪಿತೆಂಬುದಕ್ಕೆ ಎದುರು ಯಂತ್ರವು ಒಂದು ರಸೀದಿಯನ್ನು ಹಿಂದಿರುಗಿಸುತ್ತದೆ. ಹಿಂದೆ ರಿಜಿಸ್ಟರ್ ಮಾಡಿದ ಅಂಚೆಯೊಡನೆ ಹೋಗಿ, ಪಡೆದವರ ಸಹಿಯೊಡನೆ ಮರಳುತ್ತಿದ್ದ ಚೀಟಿಯಂತೆ ಇದನ್ನು ಭಾವಿಸಬಹುದು. ನಿಗದಿಯಾದ ಅವಧಿಯೊಳಗೆ ರಸೀದಿ ಬಾರದಿದ್ದರೆ ಪ್ಯಾಕೆಟ್ಟು ಕಳೆದುಹೋಯಿತೆಂದು ತಿಳಿದು ಅದರ ಇನ್ನೊಂದು ಪ್ರತಿಯನ್ನು ಕಳುಹಿಸುವುದು ನಿಯಮ. ಆದರೆ ಅದು ಕಳೆದುಹೋಗದೆ, ಯಾವುದೋ ರೂಟರಿನ ಉದ್ದನೆಯ ಸಾಲಿನಲ್ಲಿ ನಿಂತಿದ್ದರೆ? ಆಗ ಒಂದೇ ಪ್ಯಾಕೆಟ್ಟಿನ ಹಲವು ಪ್ರತಿಗಳು ಅದೇ ಸಾಲನ್ನು ಸೇರುತ್ತವೆ. ಸಾಲು ಮತ್ತಷ್ಟು ಬೆಳೆಯುತ್ತದೆ. ರಸೀದಿ ಇನ್ನೂ ತಡವಾಗುತ್ತದೆ. ಪ್ರತಿಗಳು ಇನ್ನೂ ಹೆಚ್ಚುತ್ತವೆ. ತಂತಿಯು ಪೂರ್ಣವಾಗಿ ತುಂಬಿದ್ದರೂ ಅದರಲ್ಲಿ ಸಾಗುವುದೆಲ್ಲ ಆಗಲೇ ತಲುಪಿದುದರ ನಕಲುಗಳೇ ಆಗಿಬಿಡುತ್ತವೆ.

1986ರ ಅಕ್ಟೋಬರಿನಲ್ಲಿ ಇದು ಕಣ್ಣಾರೆ ಕಾಣಿಸಿಕೊಂಡಿತು. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೂ ನಡುವಣ ಅಂತರವು ಕೇವಲ 400 ಗಜ. ಇವೆರಡರ ನಡುವೆ ಸೆಕೆಂಡಿಗೆ 32,000 ಬಿಟ್ಟುಗಳಷ್ಟು ಸಾಗುತ್ತಿದ್ದ ಮಾಹಿತಿಯು ಸೆಕೆಂಡಿಗೆ 40 ಬಿಟ್ಟುಗಳಿಗೆ ಇಳಿಯಿತು. ಎಂದರೆ ಎಂಟುನೂರರಲ್ಲಿ ಒಂದು ಪಾಲಾಯಿತು. ಇದಕ್ಕೆ ತಂತಿ ತುಂಡಾಗಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ಪ್ರತಿಯೊಂದು ಗಣಕಯಂತ್ರವೂ ತನ್ನ ಕರ್ತವ್ಯವೆಂದು ತಿಳಿದುದನ್ನು ನಿಷ್ಠೆಯಿಂದ ಮಾಡುತ್ತಿದ್ದುದೇ ಕುಸಿತಕ್ಕೆ ಕಾರಣವಾಗಿತ್ತೆಂಬುದು ಗಮನಾರ್ಹ.

4. ರಸೀದಿಯ ಲೆಕ್ಕ

ಈ ರೋಗಕ್ಕೆ ಮದ್ದನ್ನು ಕಂಡವರು ಅದೇ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ ಮತ್ತು ವಿಶ್ವವಿದ್ಯಾಲಯದ ಮೈಕೆಲ್ ಕರೆಲ್ಸ್. 1988ರಲ್ಲಿ ಪ್ರಕಟವಾದ ಇವರ ವಿಧಾನದ ಮೂಲತತ್ವವು ತೀರ ಸರಳ: ಜಾಲವು ತುಂಬಿರುವಾಗ, ಹಳೆಯದೊಂದು ಪ್ಯಾಕೆಟ್ಟು ಹೊರಬಿದ್ದ ಹೊರತು ಹೊಸದನ್ನು ಒಳಬಿಡಬಾರದು. ಹಳೆಯದು ಹೊರಬಿದ್ದುದು ತಿಳಿಯುವುದೆಂತು? ರಸೀದಿಯಿಂದಲೇ. ರಸೀದಿಗಳು ಮರಳಿಬರುವ ವೇಗವು ದಾರಿಯ ಅತ್ಯಂತ ಇಕ್ಕಟ್ಟಾದ ತಂತಿಯ ವೇಗವನ್ನು ಹಿಂಬಾಲಿಸುತ್ತದೆಯಾದುದರಿಂದ, ಕಳುಹಿಸುವವನು ಆ ತಂತಿಯನ್ನು ಎಂದೂ ಕಾಣದಿದ್ದರೂ ಅದರ ಅಳತೆಗೆ ಸರಿಯಾಗಿ ನಡೆಯಬಲ್ಲನು.

ರಸೀದಿಯನ್ನು ಪಡೆಯದೆ ಒಮ್ಮೆಗೆ ಎಷ್ಟು ಪ್ಯಾಕೆಟ್ಟುಗಳನ್ನು ದಾರಿಯಲ್ಲಿ ಬಿಟ್ಟಿರಬಹುದೆಂಬ ಎಣಿಕೆಗೆ ಈ ಶಾಸ್ತ್ರದಲ್ಲಿ ಕಿಟಕಿಯೆಂದು ಹೆಸರು. ಪ್ರಾರಂಭದಲ್ಲಿ ಕಿಟಕಿಯು ಕಿರಿದಾಗಿರುತ್ತದೆ. 1988ರ ವಿಧಾನದಲ್ಲಿ ಅದು ಒಂದೇ ಪ್ಯಾಕೆಟ್ಟು. ತಂತಿಗಳ ಶಕ್ತಿ ಬೆಳೆದಂತೆ 2013ರಲ್ಲಿ ಇದನ್ನು ಹತ್ತರವರೆಗೆ ಏರಿಸುವ ಸಲಹೆ ಬಂದಿತು. ಪ್ಯಾಕೆಟ್ಟು ಹೋಗಿ ರಸೀದಿ ಮರಳುವ ಒಂದು ಸುತ್ತು ಮುಗಿದಂತೆಲ್ಲ ಕಿಟಕಿಯು ಇಮ್ಮಡಿಯಾಗುತ್ತದೆ: ಒಂದು, ಎರಡು, ನಾಲ್ಕು, ಎಂಟು. ಇದನ್ನು ನಿಧಾನದ ಆರಂಭವೆಂದು ಕರೆದಿರುವರಾದರೂ ಏರಿಕೆಯು ವೇಗವಾದುದೇ. ಮಿತಿಯು ಹತ್ತಿರವಾಯಿತೆಂದು ತೋರಿದ ಮೇಲೆ ಇಮ್ಮಡಿಸುವುದನ್ನು ಬಿಟ್ಟು, ಸುತ್ತಿಗೆ ಒಂದರಂತೆ ಮಾತ್ರ ಏರಿಸುತ್ತಾರೆ. ಎಂದಾದರೂ ಒಂದು ಪ್ಯಾಕೆಟ್ಟು ಕಳೆದುಹೋಯಿತೆಂದು ತಿಳಿದುಬಂದರೆ ದಾರಿಯು ತುಂಬಿತೆಂದು ಬಗೆದು ಕಿಟಕಿಯನ್ನು ಹಠಾತ್ತಾಗಿ ತಗ್ಗಿಸುತ್ತಾರೆ. ರೂಢಿಗೆ ಬಂದ ನಿಯಮದಂತೆ ಅರ್ಧಕ್ಕೆ ಇಳಿಸುತ್ತಾರೆ. ರಸೀದಿಗಳು ಪೂರ್ಣವಾಗಿ ನಿಂತುಹೋದರೆ ಕಿಟಕಿಯು ಮತ್ತೆ ಮೊದಲಿನಷ್ಟು ಕಿರಿದಾಗುತ್ತದೆ; ಮರುಪ್ರಯತ್ನಗಳ ನಡುವಣ ಅವಧಿಯು ಪ್ರತಿಸಲವೂ ಇಮ್ಮಡಿಯಾಗುತ್ತ ಹೋಗುತ್ತದೆ.

ಏರುವಾಗ ಸಂಕೋಚ, ಇಳಿಯುವಾಗ ಔದಾರ್ಯ: ಇದೇ ಈ ವಿಧಾನದ ಶೀಲ. ಇದನ್ನು ಯಾವ ಸರ್ಕಾರವೂ ಶಾಸನದಿಂದ ಹೇರಲಿಲ್ಲ. ಬರ್ಕ್ಲಿಯ ವಿಶ್ವವಿದ್ಯಾಲಯವು ಹಂಚುತ್ತಿದ್ದ ಯೂನಿಕ್ಸ್ ವ್ಯವಸ್ಥೆಯೊಳಗೆ 1988ರಲ್ಲಿಯೇ ಇದು ಸೇರಿಹೋದುದರಿಂದ, ಆ ವ್ಯವಸ್ಥೆಯನ್ನು ಬಳಸುತ್ತಿದ್ದವರೆಲ್ಲರೂ ತಾವು ಅರಿಯದೆಯೇ ಈ ಸಂಯಮವನ್ನು ಪಾಲಿಸತೊಡಗಿದರು.

5. ಸಮಪಾಲಿನ ಗಣಿತ

ಇಲ್ಲಿ ಕನ್ನಡ ನಾಡಿಗೆ ಸಂಬಂಧಪಟ್ಟ ಸಂಗತಿಯೊಂದನ್ನು ಸ್ಮರಿಸಬೇಕಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದ ರಾಜ್ ಜೈನ್, ಅದೇ ಸಂಸ್ಥೆಯಲ್ಲಿ 1978ರಲ್ಲಿ ಪದವಿಯನ್ನು ಪಡೆದ ಕೆ. ಕೆ. ರಾಮಕೃಷ್ಣನ್ ಇಬ್ಬರೂ ಅಮೆರಿಕೆಯ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿದ್ದಾಗ ಇದೇ ಪ್ರಶ್ನೆಯನ್ನು ಬೇರೊಂದು ಕಡೆಯಿಂದ ಹಿಡಿದರು. ಪ್ಯಾಕೆಟ್ಟನ್ನು ಬಿಸುಡುವವರೆಗೆ ಕಾಯುವುದೇತಕ್ಕೆ? ಸಾಲು ಬೆಳೆಯತೊಡಗಿದಾಗಲೇ ರೂಟರು ಹಾದುಹೋಗುವ ಪ್ಯಾಕೆಟ್ಟಿನ ಮೇಲೆ ಒಂದು ಬಿಟ್ಟಿನ ಗುರುತು ಹಾಕಲಿ. ಪಡೆದವನು ಆ ಗುರುತನ್ನು ರಸೀದಿಯೊಡನೆ ಹಿಂದಿರುಗಿಸಲಿ. ಕಳುಹಿಸುವವನು ಅದನ್ನು ಕಂಡು ತಗ್ಗಲಿ ಎಂಬುದು ಅವರ ಸೂಚನೆ. ಜೇಕಬ್ಸನ್ನರ ಪ್ರಬಂಧವು ಮಂಡಿತವಾದ 1988ರ ಸಮ್ಮೇಳನದಲ್ಲಿಯೇ ಇದೂ ಮಂಡಿತವಾಯಿತು. ಇದರಿಂದ ಬೆಳೆದ ಗುರುತಿನ ಪದ್ಧತಿಯೊಂದು ರಾಮಕೃಷ್ಣನ್, ಸ್ಯಾಲಿ ಫ್ಲಾಯ್ಡ್, ಡೇವಿಡ್ ಬ್ಲ್ಯಾಕ್ ಇವರ ಹೆಸರಿನಲ್ಲಿ 2001ರಲ್ಲಿ ಅಂತರ್ಜಾಲದ ಪ್ರಮಾಣಗ್ರಂಥಗಳನ್ನು ಸೇರಿತು.

ಸುತ್ತಿಗೆ ಒಂದರಂತೆ ಏರುವುದು, ಅರ್ಧಕ್ಕೆ ಇಳಿಯುವುದು ಎಂಬ ನಿಯಮವೇ ಏಕೆ ಬೇಕೆಂಬುದಕ್ಕೆ ಡಾ-ಮಿಂಗ್ ಚಿಯು ಮತ್ತು ರಾಜ್ ಜೈನ್ 1989ರಲ್ಲಿ ಗಣಿತದ ಸಮರ್ಥನೆಯನ್ನು ಒದಗಿಸಿದರು. ಅದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಸುತ್ತಿಗೆ 96 ಪ್ಯಾಕೆಟ್ಟುಗಳು ಹಿಡಿಸುವ ತಂತಿಯೊಂದನ್ನು ಇಬ್ಬರು ಬಳಸುತ್ತಿರುವರೆಂದು ಕಲ್ಪಿಸಿಕೊಳ್ಳಿರಿ. ಮೊದಲು ಬಂದ ಬೀದರದವನ ಕಿಟಕಿ 80, ತಡವಾಗಿ ಬಂದ ಔರಾದದವನದು 16, ಅಂತರ 64. ತಂತಿ ತುಂಬಿತು, ಇಬ್ಬರೂ ಅರ್ಧಕ್ಕೆ ಇಳಿದು 40 ಮತ್ತು 8 ಆದರು. ಬಳಿಕ ಸುತ್ತಿಗೆ ಒಂದರಂತೆ ಇಪ್ಪತ್ತನಾಲ್ಕು ಸುತ್ತು ಏರಿದಾಗ 64 ಮತ್ತು 32 ಆಗಿ ತಂತಿ ಮತ್ತೆ ತುಂಬಿತು. ಅಂತರವು 32ಕ್ಕೆ ಇಳಿದಿದೆ. ಮರಳಿ ಅರ್ಧವಾಗಿ, ಮರಳಿ ಏರಿದಾಗ 56 ಮತ್ತು 40. ಅನಂತರ 52 ಮತ್ತು 44. ಅನಂತರ 50 ಮತ್ತು 46. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ, ಮಾತನಾಡಿದವರಲ್ಲ, ಅವರ ನಡುವೆ ಪಂಚಾಯಿತಿ ಮಾಡಿದವರೂ ಇಲ್ಲ. ಆದರೂ ಅವರ ಪಾಲುಗಳು ಸಮವಾಗುತ್ತ ಬಂದವು.

ಇಬ್ಬರೂ ತಮ್ಮ ಕಿಟಕಿಗೆ ಅನುಪಾತವಾಗಿ ಏರುವ ನಿಯಮವಿದ್ದಿದ್ದರೆ ಐದಕ್ಕೆ ಒಂದೆಂಬ ಮೊದಲಿನ ಪ್ರಮಾಣವು ಎಂದೆಂದಿಗೂ ಹಾಗೆಯೇ ಉಳಿಯುತ್ತಿತ್ತು. ಇಳಿಯುವಾಗ ಇಬ್ಬರೂ ಒಂದೇ ಮೊತ್ತವನ್ನು ಕಳೆದುಕೊಳ್ಳುವ ನಿಯಮವಿದ್ದಿದ್ದರೆ 64ರ ಅಂತರವು ಕರಗುತ್ತಿರಲಿಲ್ಲ. ಏರುವಾಗ ಎಲ್ಲರಿಗೂ ಸಮನಾದ ಹೆಜ್ಜೆ, ಇಳಿಯುವಾಗ ಹೆಚ್ಚು ಇದ್ದವನು ಹೆಚ್ಚು ಬಿಡುವುದು: ಈ ಎರಡೂ ಕೂಡಿದಾಗ ಮಾತ್ರ ಸಮತೆಯು ಸಿದ್ಧಿಸುತ್ತದೆ. ಕಂದಾಯದ ಇತಿಹಾಸವನ್ನು ಓದಿದವರಿಗೆ ಈ ಮಾತು ಅಪರಿಚಿತವೆನಿಸಲಾರದು.

6. ನಡುದಾರಿಯ ಸಾಲುಗಳು

ಎರಡು ತುದಿಗಳ ಸಂಯಮದೊಡನೆ ನಡುವಣ ರೂಟರಿನ ವಿವೇಕವೂ ಬೇಕೆಂಬುದು ಕ್ರಮೇಣ ಸ್ಪಷ್ಟವಾಯಿತು. ಸಾಲು ಪೂರ್ಣವಾಗಿ ತುಂಬಿದ ಮೇಲೆ ಬಿಸುಟರೆ ಅನೇಕರ ಪ್ಯಾಕೆಟ್ಟುಗಳು ಒಮ್ಮೆಗೇ ಕಳೆದುಹೋಗಿ, ಎಲ್ಲರೂ ಒಟ್ಟಿಗೆ ತಗ್ಗಿ ಒಟ್ಟಿಗೆ ಏರತೊಡಗುವರು. ಇದನ್ನು ತಪ್ಪಿಸಲು, ಸಾಲು ತುಂಬುವ ಮೊದಲೇ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ಟನ್ನು ಬಿಸುಟು ಎಚ್ಚರಿಸುವ ವಿಧಾನವನ್ನು ಫ್ಲಾಯ್ಡ್ ಮತ್ತು ಜೇಕಬ್ಸನ್ 1993ರಲ್ಲಿ ಸೂಚಿಸಿದರು.

ಆದರೆ ನೆನಪಿನ ಬೆಲೆ ಇಳಿದಂತೆಲ್ಲ ಯಂತ್ರಗಳನ್ನು ಮಾಡುವವರು ಸಾಲುಗಳನ್ನು ಉದ್ದವಾಗಿಸುತ್ತ ಹೋದರು. ಏನೂ ಕಳೆದುಹೋಗಬಾರದೆಂಬ ಸದಾಶಯವೇ ಇಲ್ಲಿ ಅನರ್ಥಕ್ಕೆ ಕಾರಣವಾಯಿತು. ಪ್ಯಾಕೆಟ್ಟು ಕಳೆದುಹೋಗದಿದ್ದರೆ ಕಳುಹಿಸುವವನಿಗೆ ದಟ್ಟಣೆಯ ಸುಳಿವೇ ದೊರೆಯದು. ಅವನು ಏರುತ್ತಲೇ ಹೋಗುವನು. ಸಾಲು ಬೆಳೆಯುತ್ತಲೇ ಹೋಗುವುದು. ಒಂದೇ ಮನೆಯಲ್ಲಿ ಒಬ್ಬನು ದೊಡ್ಡದೊಂದು ಕಡತವನ್ನು ಕಳುಹಿಸುತ್ತಿದ್ದರೆ ಇನ್ನೊಬ್ಬನ ಮಾತುಕತೆಯು ತಡೆತಡೆದು ಕೇಳುವುದಕ್ಕೆ ಇದು ಅನೇಕವೇಳೆ ಕಾರಣ. ಇದರ ನಿವಾರಣೆಗಾಗಿ, ಸಾಲಿನ ಉದ್ದಕ್ಕೆ ಬದಲಾಗಿ ಅದರಲ್ಲಿ ಕಾಯಬೇಕಾದ ಕಾಲವನ್ನು ಅಳೆದು ನಿಯಂತ್ರಿಸುವ ವಿಧಾನಗಳು 2012ರಿಂದೀಚೆಗೆ ಬಂದಿವೆ. ಅವುಗಳಲ್ಲಿ ಒಂದಾದ ಪೈ ಎಂಬುದನ್ನು, ಪ್ರತಿಯೊಬ್ಬರಿಗೂ ಬೇರೆಬೇರೆ ಸಾಲನ್ನು ಕೊಡುವ ಕ್ರಮದೊಡನೆ ಕೂಡಿಸಿ ಲಿನಕ್ಸ್ ವ್ಯವಸ್ಥೆಗೆ ಅಳವಡಿಸಿದವರು ನಮ್ಮ ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಆಗಿದ್ದಾರೆ. ಅವರ ಈ ಕೆಲಸವು 2020ರಲ್ಲಿ ಲಿನಕ್ಸಿನ ಮೂಲಭಾಗವನ್ನು ಸೇರಿ ಜಗತ್ತಿಗೆಲ್ಲ ದೊರೆಯುವಂತಾಯಿತು.

7. ದೂರದವರ ಪಾಲು

ಮೇಲಣ ಉದಾಹರಣೆಯಲ್ಲಿ ಇಬ್ಬರ ಸುತ್ತಿನ ಕಾಲವೂ ಒಂದೇ ಎಂದು ನಾವು ಭಾವಿಸಿಕೊಂಡಿದ್ದೆವು. ವಾಸ್ತವದಲ್ಲಿ ಹಾಗಿರುವುದಿಲ್ಲ, ಗಡಿ ಜಿಲ್ಲೆಯ ಓದುಗನಿಗೆ ಸಂಬಂಧಪಟ್ಟ ಮುಖ್ಯವಾದ ಮಾತು ಇದೇ ಆಗಿದೆ.

ಔರಾದದ ಒಂದೇ ತಂತಿಯನ್ನು ಇಬ್ಬರು ಹಂಚಿಕೊಂಡಿರುವರೆನ್ನೋಣ. ಒಬ್ಬನು ನೋಡುತ್ತಿರುವ ಚಲನಚಿತ್ರದ ಪ್ರತಿಯು ಹೈದರಾಬಾದಿನ ಯಂತ್ರವೊಂದರಲ್ಲಿದೆ. ಇನ್ನೊಬ್ಬನು ಓದಬಯಸಿದ ಹಸ್ತಪ್ರತಿಯು ಯುರೋಪಿನ ಗ್ರಂಥಾಲಯದಲ್ಲಿದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರಿನಂತೆ ಸಾಗುತ್ತದೆ. ಹೈದರಾಬಾದಿಗೆ ಹೋಗಿಬರುವ ಸುತ್ತು ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿದರೆ, ಯುರೋಪಿನ ಸುತ್ತಿಗೆ ನೂರು ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಭೂಮಿಯಿಂದ 36,000 ಕಿಲೋಮೀಟರ್ ಎತ್ತರದ ಉಪಗ್ರಹದ ಮೂಲಕವಾದರೆ ಹೋಗಿಬರಲು ಅರ್ಧ ಸೆಕೆಂಡಿನಷ್ಟಾಗುತ್ತದೆ. ಹೆಜ್ಜೆಯು ಸುತ್ತಿಗೊಂದರಂತೆ ಇರುವುದರಿಂದ, ಬೇಗ ಸುತ್ತು ಮುಗಿಸುವವನು ಹಲವು ಹೆಜ್ಜೆ ಏರುವಷ್ಟರಲ್ಲಿ ದೂರದವನು ಒಂದನ್ನು ಏರಿರುತ್ತಾನೆ. ಹೀಗೆ ನಿಯಮವು ಎಲ್ಲರಿಗೂ ಒಂದೇ ಆಗಿದ್ದರೂ ಚಲನಚಿತ್ರವು ವೇಗವಾಗಿಯೂ ಹಸ್ತಪ್ರತಿಯು ತೆವಳುತ್ತಲೂ ಬರುತ್ತದೆ. 1997ರಲ್ಲಿ ಮ್ಯಾತಿಸ್ ಮೊದಲಾದವರು ಪ್ರಕಟಿಸಿದ ಸೂತ್ರದಂತೆ, ಸುತ್ತಿನ ಕಾಲವು ಇಮ್ಮಡಿಯಾದರೆ ವೇಗವು ಅರ್ಧವಾಗುತ್ತದೆ. ಕಳೆದುಹೋಗುವ ಪ್ಯಾಕೆಟ್ಟುಗಳ ಪ್ರಮಾಣವು ನಾಲ್ಮಡಿಯಾದರೂ ವೇಗವು ಅರ್ಧವಾಗುತ್ತದೆ.

ಈ ಎರಡನೆಯ ಭಾಗವೂ ವಿಚಾರಾರ್ಹವಾದುದು. ತಂತಿಯಿಲ್ಲದ ರೇಡಿಯೋ ಮಾರ್ಗದಲ್ಲಿ ಪ್ಯಾಕೆಟ್ಟು ಕಳೆದುಹೋಗಲು ದಟ್ಟಣೆಯೇ ಕಾರಣವಾಗಬೇಕಿಲ್ಲ. ಅಲೆಗಳು ದುರ್ಬಲವಾದುದರಿಂದಲೂ ಕಳೆದುಹೋಗಬಹುದು. ಕಳುಹಿಸುವವನಿಗೆ ಈ ಭೇದವು ತಿಳಿಯದು. ದಾರಿಯು ಬರಿದಾಗಿದ್ದರೂ ತುಂಬಿದೆಯೆಂದು ಬಗೆದು ಅವನು ಅರ್ಧಕ್ಕೆ ಇಳಿಯುತ್ತಾನೆ. ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್ ಅವರು 1998ರಲ್ಲಿ ಪ್ರಕಟಿಸಿದ ಪ್ರಬಂಧವು ಇಂತಹ ನಷ್ಟದ ಮಾರ್ಗದಲ್ಲಿ ಬೇರೆಬೇರೆ ವಿಧಾನಗಳು ಹೇಗೆ ನಡೆದುಕೊಳ್ಳುತ್ತವೆಂಬುದನ್ನು ಗಣಿತದಿಂದ ಪರಿಶೀಲಿಸಿದೆ. ರೇಡಿಯೋ ಮಾರ್ಗದಲ್ಲಿಯೇ ನಷ್ಟವನ್ನು ಸರಿಪಡಿಸಿಕೊಳ್ಳುವ ಏರ್ಪಾಡುಗಳು ಈಗ ಬಂದಿರುವುದರಿಂದ ತೊಂದರೆಯು ತಗ್ಗಿದೆಯಾದರೂ ದುರ್ಬಲವಾದ ಸಂಕೇತವಿರುವೆಡೆ ಅದು ಪೂರ್ಣವಾಗಿ ಅಳಿದಿಲ್ಲ.

ಪರಿಹಾರಗಳನ್ನು ಹುಡುಕದೆ ಬಿಟ್ಟಿಲ್ಲ. 2006ರಿಂದ ಲಿನಕ್ಸಿನಲ್ಲಿ ರೂಢಿಯಾಗಿರುವ ಕ್ಯೂಬಿಕ್ ಎಂಬ ವಿಧಾನವು ಸುತ್ತುಗಳ ಎಣಿಕೆಯನ್ನು ಬಿಟ್ಟು, ಹಿಂದಿನ ನಷ್ಟದಿಂದೀಚೆಗೆ ಕಳೆದ ಕಾಲವನ್ನು ಅನುಸರಿಸಿ ಏರುತ್ತದೆ. ಇದರಿಂದ ದೂರದವನ ಹಿನ್ನಡೆಯು ಕೆಲಮಟ್ಟಿಗೆ ಕಡಿಮೆಯಾಗುತ್ತದೆ. 2016ರಲ್ಲಿ ಗೂಗಲ್ ಸಂಸ್ಥೆಯವರು ಪ್ರಕಟಿಸಿದ ಬಿಬಿಆರ್ ಎಂಬುದು ನಷ್ಟವನ್ನು ನೆಚ್ಚದೆ, ತಲುಪುವ ವೇಗವನ್ನೂ ಅತ್ಯಲ್ಪ ಸುತ್ತಿನ ಕಾಲವನ್ನೂ ಅಳೆದು ನಡೆಯುತ್ತದೆ. ಆದರೆ ಬೇರೆಬೇರೆ ನಿಯಮದವರು ಒಂದೇ ದಾರಿಗೆ ಬಂದಾಗ ಪಾಲು ಸಮವಾಗುವುದೆಂಬ ಹಿಂದಿನ ಗಣಿತವು ನಿಲ್ಲುವುದಿಲ್ಲ. ಅಲ್ಲದೆ ಆ ಗಣಿತದಲ್ಲಿ ಸಮಪಾಲು ದೊರೆಯುವುದು ಸಂಪರ್ಕಕ್ಕೇ ಹೊರತು ಮನುಷ್ಯನಿಗಲ್ಲ. ಒಮ್ಮೆಗೆ ಆರು ಸಂಪರ್ಕಗಳನ್ನು ತೆರೆದವನು ಆರು ಪಾಲುಗಳನ್ನು ಪಡೆಯುತ್ತಾನೆ.

8. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಅಂತರ್ಜಾಲವು 1986ರ ಕುಸಿತದಿಂದ ಚೇತರಿಸಿಕೊಂಡು ಉಳಿದುದು ತಂತಿಗಳ ಬಲದಿಂದ ಮಾತ್ರವೇ ಅಲ್ಲ. ತನ್ನ ಪಾಲನ್ನು ತಾನೇ ತಗ್ಗಿಸಿಕೊಳ್ಳುವ ಶಿಸ್ತನ್ನು ಬಹುಮಂದಿ ಪಾಲಿಸಿದುದರಿಂದ. ಈ ಶಿಸ್ತು ಕುಸಿತವನ್ನು ತಪ್ಪಿಸಬಲ್ಲುದಾದರೂ ನ್ಯಾಯವನ್ನು ತಾನಾಗಿಯೇ ಒದಗಿಸಲಾರದು. ದೂರವೂ ದುರ್ಬಲವಾದ ಮಾರ್ಗವೂ ಅದರ ತಕ್ಕಡಿಯನ್ನು ಒಂದು ಕಡೆಗೆ ವಾಲಿಸುತ್ತವೆ.

ಆದುದರಿಂದ ಊರಿನ ಸಂಪರ್ಕವನ್ನು ಅಳೆಯುವವರು ಮೆಗಾಬಿಟ್ಟಿನ ಸಂಖ್ಯೆಯೊಂದನ್ನೇ ನೋಡಿ ತೃಪ್ತರಾಗಬಾರದು. ಜನರು ಹೆಚ್ಚಾಗಿ ಬಳಸುವ ಹೊತ್ತಿನಲ್ಲಿ ಸುತ್ತಿನ ಕಾಲವು ಎಷ್ಟು ಬೆಳೆಯುತ್ತದೆ, ಎಷ್ಟು ಪ್ಯಾಕೆಟ್ಟುಗಳು ಕಳೆದುಹೋಗುತ್ತವೆ ಎಂಬುದನ್ನೂ ದಾಖಲಿಸಬೇಕು. ಚಲನಚಿತ್ರಗಳ ಪ್ರತಿಗಳನ್ನು ವ್ಯಾಪಾರಿಗಳು ನಮ್ಮ ಸಮೀಪಕ್ಕೆ ತಂದಿಟ್ಟಿರುವಂತೆ, ಹಸ್ತಪ್ರತಿ, ಶಾಸನ, ದಾಖಲೆಗಳ ಪ್ರತಿಗಳನ್ನೂ ಗ್ರಂಥಾಲಯಗಳು ಸಮೀಪದ ಯಂತ್ರಗಳಲ್ಲಿ ಇರಿಸುವಂತಾದರೆ ಸುತ್ತಿನ ಕಾಲದ ಅನ್ಯಾಯವು ಬಹುಮಟ್ಟಿಗೆ ಪರಿಹಾರವಾಗುತ್ತದೆ. ಬೀದರ, ಭಾಲ್ಕಿ, ಔರಾದಗಳ ವಿದ್ಯಾರ್ಥಿಗಳು ಪ್ರಪಂಚದ ಗ್ರಂಥಭಂಡಾರಗಳಿಂದ ದೂರವಿರುವುದು ಭೂಗೋಳದ ಸಂಗತಿ. ಆ ಭಂಡಾರಗಳ ಪ್ರತಿಗಳನ್ನು ಎಲ್ಲಿ ಇರಿಸಬೇಕೆಂಬುದು ನಾವು ತೀರ್ಮಾನಿಸಬಹುದಾದ ಸಂಗತಿ.